ಬಿಎಂಶ್ರೀ ಎಂಬ ಇಂಗ್ಲಿಷ್ ಮೇಷ್ಟ್ರು

ನಾನು ಇಂಗ್ಲಿಷ್ ಮೇಷ್ಟ್ರು. ಕನ್ನಡದ ಪರ ಮಾತಾಡಿದರೆ ಕೆಲವರು ನಗ್ತಾರೆ. ಆಗೆಲ್ಲ ನನಗೆ ಬಿ.ಎಂ. ಶ್ರೀಕಂಠಯ್ಯ ನೆನಪಾಗ್ತಾರೆ.

1884ರಲ್ಲಿ ಹುಟ್ಟಿದ ಬಿಎಂಶ್ರೀ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಇಂಗ್ಲಿಷ್ ಬಲ್ಲವರಿಗೆ ಹುದ್ದೆಯೂ ಗತ್ತೂ ಸಿಗುತ್ತಿದ್ದ ಕಾಲ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. 1911ರಲ್ಲಿ ಧಾರವಾಡಕ್ಕೆ ಹೋಗಿ, ಕನ್ನಡ ತಲೆ ಎತ್ತುವ ಬಗೆ ಹೇಗೆಂದು ಭಾಷಣ ಮಾಡಿದರು. ಬರ್ನ್ಸ್, ವರ್ಡ್ಸ್‌ವರ್ತ್ ಮೊದಲಾದವರ ಕವಿತೆಗಳನ್ನು ಕನ್ನಡಕ್ಕೆ ತಂದರು. ಆ ‘ಇಂಗ್ಲಿಷ್ ಗೀತಗಳು’ ನಮ್ಮ ನವೋದಯ ಕಾವ್ಯಕ್ಕೆ ದಾರಿ ಮಾಡಿತು. 1946ರಲ್ಲಿ ಧಾರವಾಡದಲ್ಲೇ ತೀರಿಕೊಂಡರು.

ಇಂಗ್ಲಿಷೋ ಕನ್ನಡವೋ ಅನ್ನೋ ಜಗಳದಲ್ಲಿ ನಾನು ಬಿಎಂಶ್ರೀ ಕಡೆ. ಇಂಗ್ಲಿಷ್ ಕೇಳಿಕೊಂಡು ಬರುವ ಹಳ್ಳಿ ಮಕ್ಕಳಿಗೆ ಅದನ್ನು ಚೆನ್ನಾಗಿ ಕಲಿಸಬೇಕು, ನಿಜ. ಆದರೆ ಅವರಿಂದ ಕನ್ನಡ ಬಿಡಿಸೋದು ನನ್ನ ಕೆಲಸವಲ್ಲ.