ಕೂಲಿ ಹುಡುಗರ ಗುರು ಸಂತ ಜಾನ್ ಬೋಸ್ಕೋ

ಜನವರಿ ತಿಂಗಳ 31ನೆಯ ದಿನ ಕಥೊಲಿಕ ಧರ್ಮಸಭೆಯು ಸಂತ ಜಾನ್ ಬೋಸ್ಕೋ ಅವರ ಹಬ್ಬವನ್ನು ಆಚರಿಸುತ್ತದೆ. 1888ರಲ್ಲಿ ಅದೇ ದಿನದ ಬೆಳಗಿನ ಜಾವ ಇಟಲಿಯ ಟ್ಯೂರಿನ್ ನಗರದಲ್ಲಿ ಅವರು ದೈವಾಧೀನರಾದರು. ಬಳ್ಳಾರಿಯ ಕಥೊಲಿಕ ಕುಟುಂಬಗಳಿಗೆ ಡಾನ್ ಬೋಸ್ಕೋ ಎಂಬ ಹೆಸರು ಹೊಸದೇನಲ್ಲ. ಅವರು ಸ್ಥಾಪಿಸಿದ ಸಲೇಸಿಯನ್ ಸಭೆಯ ಗುರುಗಳು ನಮ್ಮ ನಗರದಲ್ಲಿಯೂ ಬಡ ಮಕ್ಕಳ ಹಾಗೂ ಯುವಕರ ಸೇವೆಯಲ್ಲಿದ್ದಾರೆ. ಆದರೆ ಹೆಸರು ಪರಿಚಿತವಾದಷ್ಟು ಬಾಳು ಪರಿಚಿತವಾಗಿಲ್ಲ. ಮಕ್ಕಳ ನಡುವೆ ನಗುತ್ತ ನಿಂತ ಯಾಜಕರ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆ ನಗೆಯ ಹಿಂದಿದ್ದ ಸಾಲ, ಕರಾರುಪತ್ರ, ಅಲೆದಾಟ, ಜೊತೆಗಾರರು ಕೈಬಿಟ್ಟ ನೋವು ಇವುಗಳ ಕಥೆಯನ್ನು ಕೇಳಿದವರು ಕಡಿಮೆ.

ಜಾನ್ ಬೋಸ್ಕೋ ಹುಟ್ಟಿದ್ದು 1815ರ ಆಗಸ್ಟ್ 16ರಂದು, ಪಿಯೆಮಾಂಟ್ ಸೀಮೆಯ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮಾರ್ಗರೀಟಾ ಅಕ್ಷರ ಕಲಿಯದ ರೈತ ಹೆಣ್ಣುಮಗಳು. ಮಲಮಗ ಅಂತೋನಿ, ತನ್ನ ಮಕ್ಕಳಾದ ಜೋಸೆಫ್ ಮತ್ತು ಜಾನ್, ಮುದಿ ಅತ್ತೆ, ಇಷ್ಟು ಜನರ ಹೊಟ್ಟೆಗೆ ಅವರೊಬ್ಬರ ದುಡಿಮೆಯೇ ಆಧಾರ. ಜಾನನಿಗೆ ಪುಸ್ತಕದ ಹುಚ್ಚು. ಅಣ್ಣ ಅಂತೋನಿಗೆ ಪುಸ್ತಕ ಕಂಡರೆ ಸಿಟ್ಟು. ಹೊಲದ ಕೆಲಸ ಬಿಟ್ಟು ಓದುವ ತಮ್ಮನನ್ನು ಅವನು ಸಹಿಸಲಿಲ್ಲ. ಜಗಳ ಮಿತಿಮೀರಿದಾಗ, 1828ರ ಚಳಿಗಾಲದಲ್ಲಿ, ತಾಯಿ ತನ್ನ ಕಿರಿಯ ಮಗನನ್ನು ಕೂಲಿಗೆ ಕಳುಹಿಸಬೇಕಾಯಿತು. ಹನ್ನೆರಡು ವರ್ಷದ ಆ ಬಾಲಕ ಮೋಲ್ಯಾ ಎಂಬ ರೈತರ ಮನೆಯಲ್ಲಿ ಸುಮಾರು ಎರಡು ವರ್ಷ ಜೀತದಾಳಿನಂತೆ ದನಕರುಗಳ ನಡುವೆ ದುಡಿದ. ಸಿರುಗುಪ್ಪ, ಕುರುಗೋಡು ಕಡೆಯ ನಮ್ಮ ಹಿರಿಯರಿಗೆ ಈ ಕಥೆಯನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಮುಂದೆ ಕಿಯೇರಿ ಪಟ್ಟಣದಲ್ಲಿ ವಿದ್ಯಾಭ್ಯಾಸ. ಅನ್ನ ಮತ್ತು ಫೀಜಿಗಾಗಿ ಅವರು ಕಾಫಿ ಅಂಗಡಿಯಲ್ಲಿ ದುಡಿದರು. ಹೊಲಿಗೆ, ಕಮ್ಮಾರಿಕೆ, ಬಡಗಿ ಕೆಲಸ, ಚಪ್ಪಲಿ ಹೊಲಿಯುವುದು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಲಿತರು. ಗುರುಮಠ ಸೇರಿ 1841ರ ಜೂನ್ 5ರಂದು ಗುರುದೀಕ್ಷೆ ಪಡೆದರು.

ಆಗಿನ ಟ್ಯೂರಿನ್ ಬೆಳೆಯುತ್ತಿದ್ದ ನಗರ. ಎಲ್ಲೆಡೆ ಕಟ್ಟಡಗಳು ಏಳುತ್ತಿದ್ದವು. ಗುಡ್ಡಗಾಡಿನ ಹಳ್ಳಿಗಳಿಂದ ಗಾರೆ ಹೊರಲು, ಕಲ್ಲು ಹಾಸಲು, ಚಿಮಣಿ ಗುಡಿಸಲು ಹುಡುಗರು ಗುಂಪುಗುಂಪಾಗಿ ಬರುತ್ತಿದ್ದರು. ದುಡಿಮೆಯ ದಿನ ಮೇಸ್ತ್ರಿಯ ಹೊಡೆತ, ಭಾನುವಾರ ಬೀದಿ. ಸಂತ ಜೋಸೆಫ್ ಕಾಫಾಸ್ಸೊ ಎಂಬ ಗುರು ಯುವ ಯಾಜಕರನ್ನು ನಗರದ ಸೆರೆಮನೆಗಳಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಹನ್ನೆರಡು, ಹದಿನೈದು ವಯಸ್ಸಿನ ಮಕ್ಕಳನ್ನು ಕಂಡು ಡಾನ್ ಬೋಸ್ಕೋ ನಡುಗಿಹೋದರು. ಬಿಡುಗಡೆಯಾದವರೇ ಮತ್ತೆ ಒಳಗೆ ಬರುವುದನ್ನು ನೋಡಿ ಅವರೊಂದು ನಿರ್ಣಯಕ್ಕೆ ಬಂದರು: ಹೊರಗೆ ತಮ್ಮವರೆನ್ನುವ ಒಬ್ಬ ಮನುಷ್ಯನೂ ಇಲ್ಲದಿದ್ದುದೇ ಅವರ ಅಪರಾಧದ ಬೇರು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿ ದೇವಾಲಯದಲ್ಲಿ ಡಾನ್ ಬೋಸ್ಕೋ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಪೂಜಾವಸ್ತ್ರಗಳ ಕೋಣೆಗೆ ಬಂದು ಮೂಲೆಯಲ್ಲಿ ನಿಂತಿದ್ದ ಹುಡುಗನೊಬ್ಬನನ್ನು, ಪೂಜೆಗೆ ಸಹಾಯ ಮಾಡಲು ಬಾರದೆಂಬ ಕಾರಣಕ್ಕೆ, ದೇವಾಲಯದ ಪರಿಚಾರಕ ಹೊಡೆದು ಓಡಿಸಿದ. ಗುರುಗಳು ಅವನನ್ನು ತಮ್ಮ ಸ್ನೇಹಿತನೆಂದು ಹೇಳಿ ವಾಪಸು ಕರೆಸಿದರು. ಬಾರ್ತೊಲೊಮೆಯೊ ಗಾರೆಲ್ಲಿ, ಹದಿನಾರು ವಯಸ್ಸು, ಅನಾಥ, ಗಾರೆ ಕೆಲಸದ ಹುಡುಗ. ಓದು ಬಾರದು, ಹಾಡು ಬಾರದು. ಸಿಳ್ಳೆ ಹಾಕಲು ಬರುವುದೇ ಎಂದು ಕೇಳಿದಾಗ ಹುಡುಗ ನಕ್ಕ. ಒಂದು ನಮೋ ಮರಿಯಾ ಪ್ರಾರ್ಥನೆಯೊಂದಿಗೆ ಆ ದಿನ ಜ್ಞಾನೋಪದೇಶ ಆರಂಭವಾಯಿತು. ಮುಂದಿನ ಭಾನುವಾರ ಅವನು ಗೆಳೆಯರನ್ನು ಕರೆತಂದ.

ಹುಡುಗರ ಸಂಖ್ಯೆ ನೂರಾರಾದಂತೆ ಆಶ್ರಯ ಕೊಡುವವರು ಇಲ್ಲವಾದರು. ಗದ್ದಲವೆಂದು ನೆರೆಯವರು ದೂರಿದರು. ಇದು ದಂಗೆಕೋರರ ಗುಂಪಾದೀತೆಂದು ನಗರದ ಅಧಿಕಾರಿ ಮಾರ್ಕ್ವಿಸ್ ಕಾವೂರ್ ಸಂಶಯಪಟ್ಟರು. ಗುರುಗಳ ಬುದ್ಧಿ ಭ್ರಮಣೆಯಾಗಿದೆ ಎಂದು ಸಹಯಾಜಕರೇ ನಂಬಿ, ಹುಚ್ಚಾಸ್ಪತ್ರೆಗೆ ಸೇರಿಸಲು ಗಾಡಿ ತಂದರಂತೆ. ಇವರು ಉಪಾಯವಾಗಿ ಅವರನ್ನೇ ಗಾಡಿಯೊಳಗೆ ಕೂರಿಸಿ ಕಳುಹಿಸಿಬಿಟ್ಟರಂತೆ. ಕೊನೆಗೆ 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿ, ಪಿನಾರ್ದಿ ಎಂಬವರ ಜಾಗದ ತಗ್ಗು ಛಾವಣಿಯ ಷೆಡ್ಡೊಂದು ನೆಲೆಯಾಯಿತು. ಅದೇ ನವೆಂಬರಿನಲ್ಲಿ ತಾಯಿ ಮಾರ್ಗರೀಟಾ ಹಳ್ಳಿ ಬಿಟ್ಟು ಮಗನ ಜೊತೆ ಅಲ್ಲಿಗೆ ಬಂದರು. ತಮ್ಮ ಮದುವೆಯ ಬಟ್ಟೆ, ಒಡವೆಗಳನ್ನು ಅವರು ಆ ಪರಕೀಯ ಮಕ್ಕಳಿಗಾಗಿ ಮಾರಿದರು. ಮೊದಲು ಮಲಗಲು ಜಾಗ ಕೊಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಕಂಬಳಿಗಳೊಡನೆ ಮಾಯವಾಗಿದ್ದರು! ಆದರೂ 1847ರ ಮೇ ತಿಂಗಳ ಮಳೆಯ ರಾತ್ರಿ ಬಂದ ಇನ್ನೊಬ್ಬ ಅನಾಥನಿಗೆ ಆ ತಾಯಿ ಬಾಗಿಲು ತೆರೆದರು.

ಇಲ್ಲಿಂದ ಮುಂದಿನ ಸಂಗತಿಗಳನ್ನು ನಮ್ಮ ಓದುಗರು ತುಸು ನಿಧಾನವಾಗಿ ಗಮನಿಸಬೇಕು. ಡಾನ್ ಬೋಸ್ಕೋ ರಾತ್ರಿ ಶಾಲೆ ನಡೆಸಿದರು. ಪಿಯೆಮಾಂಟ್‌ನಲ್ಲಿ ಹೊಸ ದಶಮಾಂಶ ಅಳತೆ ತೂಕಗಳು ಜಾರಿಗೆ ಬರಲಿದ್ದಾಗ ಅದನ್ನು ಸರಳವಾಗಿ ತಿಳಿಸುವ ಪುಸ್ತಿಕೆಯನ್ನು ತಾವೇ ಬರೆದರು; ಲೆಕ್ಕ ಬಾರದ ಕೂಲಿಯವನಿಗೆ ಮೋಸವಾಗುವುದು ಸುಲಭವಲ್ಲವೇ? 1850ರಲ್ಲಿ ಹುಡುಗರದೇ ಒಂದು ಪರಸ್ಪರ ಸಹಾಯ ಸಂಘ ಕಟ್ಟಿದರು. ಪ್ರತಿ ಭಾನುವಾರ ಒಬ್ಬೊಬ್ಬ ಸದಸ್ಯ ಒಂದು ಚಿಕ್ಕಾಸು ಹಾಕುವುದು. ಕಾಯಿಲೆ ಬಿದ್ದವನಿಗೆ, ಕೆಲಸ ತಪ್ಪಿದವನಿಗೆ ಆ ಹಣದಿಂದ ದಿನಭತ್ಯೆ ಕೊಡುವುದು. ಇಂದು ನಮ್ಮ ಹಳ್ಳಿಗಳ ತಾಯಂದಿರು ಸ್ವಸಹಾಯ ಸಂಘಗಳಲ್ಲಿ ವಾರವಾರ ಮಾಡುವ ಉಳಿತಾಯವನ್ನು ನೂರ ಎಪ್ಪತ್ತು ವರ್ಷಗಳ ಹಿಂದೆ ಆ ಗಾರೆ ಹುಡುಗರು ಮಾಡಿದ್ದರು.

ಇನ್ನೊಂದು ಸಂಗತಿ ಅದಕ್ಕಿಂತಲೂ ದೊಡ್ಡದು. 1852ರ ಫೆಬ್ರವರಿ 8ರಂದು ಜೋಸೆಫ್ ಒದಾಸ್ಸೊ ಎಂಬ ಹುಡುಗನನ್ನು ಬೆರ್ತೊಲಿನೊ ಎಂಬ ಬಡಗಿಯ ಬಳಿ ಕೆಲಸ ಕಲಿಯಲು ಇರಿಸುವಾಗ ಡಾನ್ ಬೋಸ್ಕೋ ಛಾಪಾ ಕಾಗದದ ಮೇಲೆ ಕರಾರು ಬರೆಸಿದರು. ಕಸುಬನ್ನು ಪೂರ್ಣವಾಗಿ ಕಲಿಸಬೇಕು. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈ ಎತ್ತಬಾರದು. ಕಸುಬಿಗೆ ಸಂಬಂಧಿಸದ ಚಾಕರಿ ಹೇಳಬಾರದು. ಹಬ್ಬದ ದಿನಗಳು ಹುಡುಗನವು; ವರ್ಷಕ್ಕೆ ಹದಿನೈದು ದಿನ ರಜೆ; ಕಲಿತಂತೆ ಕೂಲಿ ಏರಬೇಕು. ಯಜಮಾನ, ಹುಡುಗ, ಅವನ ತಂದೆ, ಗುರುಗಳು ಎಲ್ಲರೂ ಸಹಿ ಹಾಕಿದರು. ಆ ನಾಡಿನಲ್ಲಿ ಕಾರ್ಮಿಕ ಕಾನೂನುಗಳು ಇನ್ನೂ ಬೇರೂರದ ಕಾಲವದು. ಗುರುಮಠದ ತತ್ತ್ವಶಾಸ್ತ್ರದ ಪಾಠದಲ್ಲಿ ಸಂತ ತೋಮಸ್ ಅಕ್ವಿನಾಸರ ನ್ಯಾಯದ ವಿವೇಚನೆಯನ್ನು ನಾವು ಓದಿದ್ದೇವೆ: ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು ನ್ಯಾಯ. ಆ ವಿವೇಚನೆಗೆ ಈ ಒಂದು ಹಾಳೆಗಿಂತ ಒಳ್ಳೆಯ ಭಾಷ್ಯವನ್ನು ನಾವು ಕಂಡಿಲ್ಲ. ದಾನಿಯ ಮನಸ್ಸು ಬದಲಾದರೆ ದಾನ ನಿಲ್ಲುತ್ತದೆ. ಸಹಿ ಹಾಕಿದ ಮಾತು ನಿಲ್ಲುವಂತಿಲ್ಲ.

ಮನಸ್ಸು ಬದಲಾಗುವುದನ್ನು ಡಾನ್ ಬೋಸ್ಕೋ ತಾವೇ ಅನುಭವಿಸಿದ್ದರು. ಭಾನುವಾರಗಳಂದು ಬಂದು ಪಾಠ ಹೇಳಲು, ಆಟ ಆಡಿಸಲು, ಕೆಲಸ ಹುಡುಕಿಕೊಡಲು ನಗರದ ಸಿರಿವಂತರೂ ಯಾಜಕರೂ ನೆರವಾಗುತ್ತಿದ್ದರು. 1848-49ರ ರಾಜಕೀಯ ಬಿರುಗಾಳಿಯಲ್ಲಿ ಅವರಲ್ಲಿ ಹಲವರು ಮುನಿಸಿಕೊಂಡು ದೂರವಾದರು; ದೊಡ್ಡ ಹುಡುಗರನ್ನೂ ತಮ್ಮ ಕಡೆ ಸೆಳೆದುಕೊಂಡರು. ಗುರುಗಳು ಬಹುಮಟ್ಟಿಗೆ ಒಂಟಿಯಾದರು. ಆ ಪೆಟ್ಟಿನ ನಂತರ ಅವರು ನಾಯಕರನ್ನು ಹುಡುಗರ ನಡುವಿನಿಂದಲೇ ಬೆಳೆಸತೊಡಗಿದರು. 1854ರಲ್ಲಿ ಟ್ಯೂರಿನ್‌ಗೆ ಕಾಲರಾ ಬಂದಾಗ ಅವರ 40ಕ್ಕೂ ಹೆಚ್ಚು ಹುಡುಗರು ರೋಗಿಗಳ ಶುಶ್ರೂಷೆಗೆ ಮುಂದೆ ಬಂದರು. ಬೀದಿಯ ಕಾಟವೆಂದು ಬೈದಿದ್ದ ನಗರಕ್ಕೆ ಆ ಮಕ್ಕಳೇ ನೀರು, ಔಷಧ ಹೊತ್ತರು. ಒಬ್ಬರೂ ರೋಗಕ್ಕೆ ತುತ್ತಾಗಲಿಲ್ಲ. 1859ರ ಡಿಸೆಂಬರ್ 18ರ ಸಂಜೆ ಡಾನ್ ಬೋಸ್ಕೋ ಕೋಣೆಯಲ್ಲಿ 18 ಮಂದಿ ಕೂಡಿ ಸಲೇಸಿಯನ್ ಸಭೆಯನ್ನು ಆರಂಭಿಸಿದಾಗ ಅವರಲ್ಲಿ ಹೆಚ್ಚಿನವರು ಅದೇ ಅಂಗಳದಲ್ಲಿ ಬೆಳೆದ ಯುವಕರು. ಇಂಥದೊಂದು ಸಂಘ ಕಟ್ಟಿರೆಂದು ಸಲಹೆಯಿತ್ತವರಲ್ಲಿ ಧರ್ಮಸಭೆಯ ವಿರೋಧಿಯೆಂದು ಹೆಸರಾದ ಮಂತ್ರಿ ರಾತಾಜಿಯೂ ಒಬ್ಬರೆಂಬುದು ದೇವರ ವಿನೋದವಿರಬೇಕು.

ಹಾಗೆಂದು ಅವರು ಸಿರಿವಂತರನ್ನು ದೂರವಿಡಲಿಲ್ಲ. 1876ರಲ್ಲಿ ಸಲೇಸಿಯನ್ ಸಹಕಾರಿಗಳೆಂಬ ಶ್ರಾವಕರ ಕೂಟಕ್ಕೆ ರೂಪ ಕೊಟ್ಟರು. ಮನೆ, ಉದ್ಯೋಗ ಬಿಡದೆ ತಮ್ಮ ಹಣ, ವಿದ್ಯೆ, ಸಮಯವನ್ನು ಮಕ್ಕಳಿಗಾಗಿ ಕ್ರಮವಾಗಿ ನೀಡುವವರ ಕೂಟವದು. ಅಷ್ಟರಲ್ಲಿ ಅಂಗಳದ ಆಡಳಿತ ಬೇರೂರಿತ್ತು; ಸಹಾಯಕರು ಬಂದರೂ ಹೋದರೂ ಮನೆ ನಿಲ್ಲುತ್ತಿತ್ತು.

ಈ ಮಾತನ್ನು ಇಂದು ಎತ್ತಲು ಕಾರಣವಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಉಕ್ಕು, ಅದಿರಿನ ನಾಡಾದ ನಮ್ಮ ಜಿಲ್ಲೆಗೆ ಇದು ಸಣ್ಣ ಸಂಗತಿಯಲ್ಲ. ಕಂಪನಿಗಳ ನೌಕರರು ಸ್ವಯಂಸೇವಕರಾಗಿ ಬಂದು ಶಾಲೆಯ ಗೋಡೆಗೆ ಬಣ್ಣ ಬಳಿಯುವುದನ್ನು, ಮಕ್ಕಳಿಗೆ ಕಂಪ್ಯೂಟರ್ ತೋರಿಸುವುದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಕಾಲ ಬಂದಾಗ ಸಿರುಗುಪ್ಪ, ಕುರುಗೋಡು ಹಳ್ಳಿಗಳ ಹುಡುಗಿಯೊಬ್ಬಳು ಶಾಲೆ ಬಿಟ್ಟರೆ, ಬಣ್ಣ ಬಳಿದ ಗೋಡೆ ಅವಳನ್ನು ಕರೆತರಲಾರದು. ಅವಳ ಓಣಿಯ ತಾಯಂದಿರ ಸಂಘ, ಯುವಕರ ಸಂಘ ಕರೆತಂದೀತು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಸೇರುವ ಹದಿನೆಂಟರ ಹುಡುಗನಿಗೆ ಒಂದು ದಿನದ ಭಾಷಣ ಬೇಡ. ಕಸುಬು ಕಲಿಸುವ, ಕೂಲಿ ಬರೆದುಕೊಡುವ ಒಂದು ಕರಾರು ಬೇಕು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಗಣಿಗಳು ನಿಂತಾಗ, ಅದಿರನ್ನು ನಂಬಿ ಓದು ಬಿಟ್ಟಿದ್ದ ಎಷ್ಟು ಯುವಕರ ಕೈಯಲ್ಲಿ ಬೇರೆ ಕಸುಬಿತ್ತು? ಕಂಪನಿಯ ಕಚೇರಿಗಳಲ್ಲಿ ಕೆಲಸದಲ್ಲಿರುವ ನಮ್ಮ ಕಥೊಲಿಕ ಕುಟುಂಬಗಳ ಮಕ್ಕಳು ಇದನ್ನು ತಮ್ಮ ಮೇಲಧಿಕಾರಿಗಳ ಮುಂದೆ ಎತ್ತಬಹುದು. ವರ್ಷಕ್ಕೊಮ್ಮೆ ಐವತ್ತು ಜನ ಬರುವ ಬದಲು ಐದು ಜನ ತಿಂಗಳು ತಿಂಗಳೂ ಬರಲಿ, ಹಳ್ಳಿಯ ಸಂಘ ಕೇಳಿದ ಕೆಲಸಕ್ಕೆ ಬರಲಿ.

ಡಾನ್ ಬೋಸ್ಕೋ ಕೊನೆಯ ವರ್ಷಗಳು ದೇಹ ಸವೆದ ವರ್ಷಗಳು. ಕಾಲು ಬಾತು, ಕಣ್ಣು ಮಂಜಾಗಿದ್ದರೂ ರೋಮ್ ನಗರದಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯ ಕಟ್ಟಲು ಅವರು ಫ್ರಾನ್ಸ್, ಸ್ಪೇನ್ ದೇಶಗಳಲ್ಲಿ ಹಣ ಬೇಡುತ್ತ ತಿರುಗಿದರು. 1887ರ ಮೇ ತಿಂಗಳಲ್ಲಿ ಅಲ್ಲಿ ಬಲಿಪೂಜೆ ಅರ್ಪಿಸುವಾಗ ಹಲವು ಬಾರಿ ಅತ್ತರು. ಮರುವರ್ಷದ ಆರಂಭದಲ್ಲಿ ಕಣ್ಮುಚ್ಚಿದರು. ಜಗದ್ಗುರು ಹನ್ನೊಂದನೆಯ ಪಿಯುಸ್ 1934ರ ಪಾಸ್ಖ ಹಬ್ಬದಂದು ಅವರನ್ನು ಸಂತರೆಂದು ಸಾರಿದರು. 1906ರಲ್ಲಿಯೇ ಸಲೇಸಿಯನ್ನರ ಮೊದಲ ತಂಡ ಭಾರತಕ್ಕೆ ಬಂದು ತಂಜಾವೂರಿನಲ್ಲಿ ನೆಲೆಸಿತ್ತು. ಅವರನ್ನು ಕಳುಹಿಸಿದವರು ಸಭೆಯ ಎರಡನೆಯ ಮಹಾಗುರು ಮೈಕೆಲ್ ರುವಾ. ಟ್ಯೂರಿನ್‌ನ ಬಂದೂಕು ಕಾರ್ಖಾನೆಯ ನೌಕರನೊಬ್ಬನ ಮಗನಾಗಿ, ಎಳೆಯ ವಯಸ್ಸಿನಲ್ಲೇ ಡಾನ್ ಬೋಸ್ಕೋ ಅವರ ಅಂಗಳಕ್ಕೆ ಆಡಲು ಬಂದು ಅಲ್ಲಿಯೇ ಉಳಿದವರು ಅವರು.