ಗಾಮಾ ಪೈಲ್ವಾನರನ್ನು ಕಾಡಿದ ಬೋರಲು ಪಟ್ಟು

ನಮ್ಮ ಗೂಗಲ್, ದೇವದುರ್ಗದ ಕಡೆ ಕುಸ್ತಿ ನೋಡಿದವರಿಗೆ ಒಂದು ಮಾತು ಗೊತ್ತಿರುತ್ತದೆ. ಕೆಳಗೆ ಬಿದ್ದವನು ಸೋತಂತಲ್ಲ. ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಸೋಲು. ಅದಕ್ಕೇ ಸಿಕ್ಕಿಬಿದ್ದವನು ಬೋರಲಾಗಿ ನೆಲ ಹಿಡಿಯುತ್ತಾನೆ.

ಗಾಮಾ ಅವರ ನಿಜವಾದ ಹೆಸರು ಗುಲಾಂ ಮೊಹಮ್ಮದ್. 1878ರಲ್ಲಿ ಪೈಲ್ವಾನರ ಮನೆತನದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬಂಧುಗಳು ಅಖಾಡದಲ್ಲಿ ಬೆಳೆಸಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ಜೋಧಪುರದ ಬೈಠಕ್ ಸ್ಪರ್ಧೆಯಲ್ಲಿ ದೊಡ್ಡ ಪೈಲ್ವಾನರ ನಡುವೆ ಹೆಸರು ಮಾಡಿದರು. ಮುಂದೆ ದತಿಯಾ, ಪಟಿಯಾಲಾ ಸಂಸ್ಥಾನಗಳ ಆಶ್ರಯ ಸಿಕ್ಕಿತು.

1910ರಲ್ಲಿ ತಮ್ಮ ಇಮಾಂ ಬಕ್ಷ್ ಜೊತೆ ಲಂಡನ್ನಿಗೆ ಹೋದರು. ಕುಳ್ಳಗಿದ್ದಾರೆಂದು ಮೊದಲು ಅಲ್ಲಿ ಅವಕಾಶವೇ ಕೊಡಲಿಲ್ಲವಂತೆ. ಅಮೆರಿಕದ ರೋಲರ್‌ನನ್ನು ಕೆಡವಿದ ಮೇಲೆ ಎಲ್ಲರ ಕಣ್ಣು ತೆರೆಯಿತು. ಸೆಪ್ಟೆಂಬರ್ 10ರಂದು ಪೋಲೆಂಡಿನ ಜ್ಬಿಶ್ಕೋ ಎದುರಾದ. ಗಾಮಾ ಅವರಿಗಿಂತ ಬಲು ಭಾರದ ಆಳು. ಶುರುವಿನಲ್ಲೇ ಗಾಮಾ ಅವನನ್ನು ಕೆಳಗೆ ಹಾಕಿದರು. ಅವನು ಬೋರಲಾಗಿ ಚಾಪೆಯನ್ನು ಅಪ್ಪಿಕೊಂಡವನು ಎರಡೂವರೆ ತಾಸು ಕಳೆದರೂ ಬೆನ್ನು ಕೊಡಲಿಲ್ಲ. ಜನ ಬೈದರು, ಪತ್ರಿಕೆಗಳು ಹೇಡಿ ಎಂದವು. ಕುಸ್ತಿ ಸಮ ಆಯಿತು. ಒಂದು ವಾರ ಬಿಟ್ಟು ಮತ್ತೆ ಆಡಬೇಕಿತ್ತು, ಜ್ಬಿಶ್ಕೋ ಬರಲೇ ಇಲ್ಲ. ಪಟ್ಟ ಗಾಮಾ ಅವರಿಗೇ ಸಂದಿತು.

ಬಾರದೇ ಹೋದದ್ದು ತಪ್ಪು. ಆದರೆ ಬೋರಲು ಮಲಗಿದ್ದನ್ನು ಹೇಡಿತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಾಮಾ ಅವರಂಥವರ ಕೈಯಲ್ಲಿ ಅಷ್ಟು ಹೊತ್ತು ಚಿತ್ ಆಗದೆ ಉಳಿಯುವುದು ಸಣ್ಣ ವಿದ್ಯೆಯೇ? ಅದೇ ಮನುಷ್ಯ 1921ರಲ್ಲಿ ಅಮೆರಿಕದಲ್ಲಿ ವಿಶ್ವ ಚಾಂಪಿಯನ್ ಆದ. ಇಂದಿನ ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಇದಕ್ಕೆ ಹತ್ತಿರದ ಭಂಗಿಗೆ ಟರ್ಟಲ್, ಅಂದರೆ ಆಮೆ, ಎಂದೇ ಹೆಸರು. ಮೊಣಕಾಲು ಒಳಗೆ, ಮೊಣಕೈ ಪಕ್ಕೆಗೆ, ಗದ್ದ ಎದೆಗೆ. ಆದರೆ ಅಲ್ಲಿ ಹೆಚ್ಚು ಹೊತ್ತು ಹಾಗೇ ಇರುವಂತಿಲ್ಲ. ಎದುರಾಳಿ ಬೆನ್ನೇರಿ ಕಾಲು ಸಿಕ್ಕಿಸಿ ಕತ್ತು ಅದುಮುತ್ತಾನೆ. ಅವನ ಕೈ ಹಿಡಿದು ಭುಜದ ಮೇಲೆ ಉರುಳಬೇಕು, ಇಲ್ಲವೇ ಎದ್ದು ನಿಲ್ಲಬೇಕು. ಜ್ಬಿಶ್ಕೋ ಮಾತ್ರ ಅಷ್ಟು ಹೊತ್ತು ಹಾಗೇ ಮಲಗಿದ.

1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದರು. ಗಾಮಾ ಅವರಿಗೆ ಆಗ ಐವತ್ತರ ಹತ್ತಿರ ವಯಸ್ಸು. ಈ ಸಲ ಬೋರಲಾಗಲು ಪುರುಸೊತ್ತೇ ಕೊಡಲಿಲ್ಲ. ಒಂದು ನಿಮಿಷದೊಳಗೆ ಚಿತ್.

ದೇಶ ವಿಭಜನೆಯ ನಂತರ ಅವರು ಲಾಹೋರಿನಲ್ಲಿ ಉಳಿದರು. ಕೊನೆಯ ದಿನಗಳು ಕಾಯಿಲೆ, ಹಣದ ಅಡಚಣೆಯಲ್ಲೇ ಕಳೆದವು. 1960ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ಜ್ಬಿಶ್ಕೋ ಇನ್ನೂ ಏಳು ವರ್ಷ ಬದುಕಿದ್ದ.