ಸ್ಪ್ರಿಂಗಿನ ಲೆಕ್ಕ ಹಿಡಿದ ರಾಬರ್ಟ್ ಹುಕ್

 

ಗಾಂಧೀಜಿ, ವಿಶ್ವೇಶ್ವರಯ್ಯ, ಸಿ.ವಿ. ರಾಮನ್ ಇವರ ಬಗ್ಗೆ ನಮ್ಮ ಗೋಡೆ ಪತ್ರಿಕೆಯಲ್ಲಿ ಆಗಲೇ ಬಂದಿದೆ. ಅದಕ್ಕೇ ಈ ಸಲ ನಾನು ರಾಬರ್ಟ್ ಹುಕ್ ಅವರ ಜೀವನವನ್ನು ಆರಿಸಿಕೊಂಡಿದ್ದೇನೆ. ಜೀವಕೋಶದ ಪಾಠದಲ್ಲಿ ಇವರ ಹೆಸರನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಸೈಕಲ್ ಸೀಟಿನ ಕೆಳಗೆ, ಪೆನ್ನಿನ ಒಳಗೆ, ಅಂಗಡಿಯ ಶಟರ್ ಸುತ್ತಿಕೊಳ್ಳುವ ಪೈಪಿನಲ್ಲಿ ಇರುವ ಸ್ಪ್ರಿಂಗಿಗೂ ಇವರಿಗೂ ಸಂಬಂಧ ಇದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಸಂಬಂಧವನ್ನೇ ಇಲ್ಲಿ ಬರೆದಿದ್ದೇನೆ.

ಬಾಲ್ಯ

ಇಂಗ್ಲೆಂಡ್ ದೇಶದ ದಕ್ಷಿಣಕ್ಕೆ ಐಲ್ ಆಫ್ ವೈಟ್ ಎಂಬ ಒಂದು ದ್ವೀಪ ಇದೆ. ಅಲ್ಲಿನ ಫ್ರೆಷ್‌ವಾಟರ್ ಎಂಬ ಹಳ್ಳಿಯಲ್ಲಿ 1635ನೇ ಇಸವಿ ಜುಲೈ 18ರಂದು ಹುಕ್ ಜನಿಸಿದರು. ತಂದೆಯ ಹೆಸರು ಜಾನ್ ಹುಕ್. ಅವರು ಊರಿನ ಚರ್ಚಿನಲ್ಲಿ ಪಾದ್ರಿಯಾಗಿದ್ದರು. ಮಗುವಿಗೆ ಯಾವಾಗಲೂ ಕಾಯಿಲೆ, ತಲೆನೋವು. ಈ ಹುಡುಗ ಉಳಿಯುವುದೇ ಕಷ್ಟ ಅಂತ ಮನೆಯವರು ಅಂದುಕೊಂಡಿದ್ದರು. ಹೊರಗೆ ಹೋಗಿ ಆಡುವ ಶಕ್ತಿ ಇಲ್ಲದ್ದರಿಂದ ಅವರು ಮನೆಯಲ್ಲೇ ಕೂತು ಏನಾದರೂ ಮಾಡುತ್ತಿದ್ದರು. ಒಂದು ದಿನ ಯಾರೋ ಹಿತ್ತಾಳೆ ಗಡಿಯಾರ ಬಿಚ್ಚುವುದನ್ನು ನೋಡಿದರು. ಆಮೇಲೆ ಮರದಲ್ಲೇ ಅಂಥದ್ದನ್ನು ಮಾಡಿದರು. ಅದು ಓಡಿತು ಕೂಡ. ಸುಮಾರು ಒಂದು ಗಜ ಉದ್ದದ ಆಟದ ಹಡಗನ್ನೂ ಮಾಡಿದರು.

1648ರಲ್ಲಿ ಹುಕ್ ಅವರಿಗೆ 13 ವರ್ಷವಾಗಿದ್ದಾಗ ತಂದೆ ತೀರಿಹೋದರು. ನಮ್ಮ ಏಳನೇ ತರಗತಿಯ ಹುಡುಗರ ವಯಸ್ಸು ಅದು. ತಂದೆ ಬಿಟ್ಟುಹೋದ ಸ್ವಲ್ಪ ಹಣ ಇಟ್ಟುಕೊಂಡು ಅವರು ಊರು ಬಿಟ್ಟು ಲಂಡನ್ ನಗರಕ್ಕೆ ಹೋದರು. ಈ ಸಾಲು ಬರೆಯುವಾಗ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಯೋಚನೆ ಮಾಡಿದೆ. ನನಗೂ 13 ವರ್ಷ. ತಾಲ್ಲೂಕಿಗೆ ಒಬ್ಬನೇ ಹೋಗಿ ಬಾ ಅಂದರೇ ಅಮ್ಮ ಹತ್ತು ಸಲ ಜೋಪಾನ ಅಂತಾರೆ.

ವಿದ್ಯಾಭ್ಯಾಸ

ಲಂಡನ್‌ನಲ್ಲಿ ಮೊದಲು ಪೀಟರ್ ಲೆಲಿ ಎಂಬ ಚಿತ್ರಕಾರರ ಹತ್ತಿರ ಸೇರಿದರು. ಆದರೆ ಅಲ್ಲಿ ಬಹಳ ದಿನ ಇರಲಿಲ್ಲ. ಆಮೇಲೆ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿದರು. ರಿಚರ್ಡ್ ಬಸ್ಬಿ ಎಂಬುವರು ಅಲ್ಲಿನ ಮುಖ್ಯೋಪಾಧ್ಯಾಯರು. ತಂದೆ ಇಲ್ಲದ ಈ ಹುಡುಗನಿಗೆ ಆಸರೆ ಕೊಟ್ಟು ಓದಿಸಿದವರು ಅವರೇ. 1653ರಲ್ಲಿ ಹುಕ್ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಗೆ ಸಹಾಯಕರಾಗಿ ಗಾಳಿ ಎಳೆಯುವ ಪಂಪನ್ನು ಕಟ್ಟಿಕೊಟ್ಟರು. 1662ರಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಘದವರು ಇವರನ್ನು ಪ್ರಯೋಗಗಳ ಮೇಲ್ವಿಚಾರಕರನ್ನಾಗಿ ಮಾಡಿದರು. ಪ್ರತಿ ಸಭೆಗೂ ಹೊಸ ಪ್ರಯೋಗ ಮಾಡಿ ತೋರಿಸಬೇಕು, ಮೊದಮೊದಲು ಸಂಬಳವೂ ಇಲ್ಲ. ಆದರೂ ಬಿಡಲಿಲ್ಲ.

1665ರಲ್ಲಿ ಅವರ ಮೈಕ್ರೋಗ್ರಾಫಿಯಾ ಎಂಬ ಪುಸ್ತಕ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದ ಚಿಗಟ, ಹೇನು, ನೊಣದ ಕಣ್ಣು ಇವುಗಳ ದೊಡ್ಡ ದೊಡ್ಡ ಚಿತ್ರಗಳು ಅದರಲ್ಲಿದ್ದವು. ಬೆಂಡಿನ ತೆಳುವಾದ ಚೂರಿನಲ್ಲಿ ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ ಸೆಲ್ ಅಂತ ಹೆಸರಿಟ್ಟವರು ಇವರೇ. ಇದು ನಮ್ಮ ಪಾಠದಲ್ಲಿ ಇರುವುದರಿಂದ ಹೆಚ್ಚು ಬರೆಯುವುದಿಲ್ಲ.

ಸ್ಪ್ರಿಂಗಿನ ನಿಯಮ

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಹುಕ್ ಅವರು 20, 30, 40 ಅಡಿ ಉದ್ದದ ತಂತಿಯನ್ನು ಮೇಲೆ ಮೊಳೆಗೆ ಕಟ್ಟಿ, ಕೆಳಗೆ ತಕ್ಕಡಿಯ ತಟ್ಟೆ ನೇತುಹಾಕಿ, ಒಂದೊಂದಾಗಿ ತೂಕ ಇಟ್ಟು ತಂತಿ ಎಷ್ಟು ಉದ್ದ ಆಯಿತು ಅಂತ ಅಳೆಯುವ ಪ್ರಯೋಗ ಹೇಳಿಕೊಟ್ಟರು. ಸುರುಳಿ ಸ್ಪ್ರಿಂಗಿಗೂ ಗಡಿಯಾರದ ಸ್ಪ್ರಿಂಗಿಗೂ ಹಾಗೇ. ಎಲ್ಲದರಲ್ಲೂ ಒಂದೇ ಲೆಕ್ಕ ಬಂತು. ಭಾರ ಎರಡರಷ್ಟಾದರೆ ಹಿಗ್ಗುವುದೂ ಎರಡರಷ್ಟು, ಭಾರ ಮೂರರಷ್ಟಾದರೆ ಹಿಗ್ಗುವುದೂ ಮೂರರಷ್ಟು. ಇದೇ ಹುಕ್‌ನ ನಿಯಮ.

ನಾನು ಇದನ್ನು ಮನೆಯಲ್ಲಿ ಮಾಡಿ ನೋಡಿದೆ. ಮೆತ್ತನೆಯ ಒಂದು ಸ್ಪ್ರಿಂಗಿಗೆ ತೆಂಗಿನ ಕರಟ ಕಟ್ಟಿ ಗೋಲಿ ಹಾಕಿದೆ. 10 ಗೋಲಿಗೆ 2 ಸೆಂಟಿಮೀಟರ್ ಇಳಿಯಿತು, 20ಕ್ಕೆ 4, 30ಕ್ಕೆ ಹತ್ತಿರ ಹತ್ತಿರ 6. ಗೋಲಿ ತೆಗೆದರೆ ಮತ್ತೆ ಮೊದಲಿನ ಜಾಗಕ್ಕೇ ಬಂತು. ಆಮೇಲೆ ಏನಾಗುತ್ತೆ ನೋಡೋಣ ಅಂತ ಬೇಕಂತಲೇ ಕೈಯಲ್ಲಿ ಜೋರಾಗಿ ಎಳೆದೆ. ಸ್ಪ್ರಿಂಗ್ ಉದ್ದವಾಗಿಯೇ ಉಳಿಯಿತು. ಅಂದರೆ ಈ ನಿಯಮಕ್ಕೂ ಒಂದು ಮಿತಿ ಇದೆ. ಮಿತಿ ಮೀರಿದ ಸ್ಪ್ರಿಂಗ್ ಮತ್ತೆ ನಂಬಿಕೆಗೆ ಬರುವುದಿಲ್ಲ.

ಬಾಗಿಲಿನ ಲೆಕ್ಕ

ಇದರಿಂದ ಏನು ಪ್ರಯೋಜನ ಅಂತ ನೀವು ಕೇಳಬಹುದು. ನಮ್ಮೂರ ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದಿನ ಬಾಗಿಲಿಗೆ ಸ್ಪ್ರಿಂಗ್ ಇಲ್ಲ. ಕೊಂಡಿ ತೆಗೆದರೆ ಧಡ್ ಅಂತ ಬೀಳುತ್ತೆ. ಹೋದ ಸುಗ್ಗಿಯಲ್ಲಿ ನಮ್ಮ ಸೋದರಮಾವನ ಕಾಲಿನ ಮೇಲೆ ಹೀಗೇ ಬಿದ್ದು ಎರಡು ಬೆರಳು ಮುರಿದವು. ಎರಡು ತಿಂಗಳು ಹೊಲಕ್ಕೆ ಹೋಗಲಿಲ್ಲ. ಅಷ್ಟು ಭಾರದ ಬಾಗಿಲನ್ನು ಮೆಲ್ಲಗೆ ಇಳಿಸೋಕೆ ಉಪಾಯ ಇಲ್ವಾ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಪುಸ್ತಕದ ಚಿತ್ರ ತೋರಿಸಿದರು. ಇಂಗ್ಲೆಂಡ್, ಅಮೆರಿಕಗಳಲ್ಲಿ ಕುದುರೆ ಸಾಗಿಸುವ ಟ್ರೇಲರ್‌ಗಳಿವೆ. ಅವುಗಳ ಹಿಂದಿನ ಬಾಗಿಲನ್ನು ಕೆಳಕ್ಕೆ ಮಲಗಿಸಿದರೆ ಅದೇ ಇಳಿಜಾರು ಹಲಗೆ ಆಗುತ್ತೆ. ಕುದುರೆ ಅದರ ಮೇಲೆ ನಡೆದು ಹತ್ತುತ್ತೆ. ಹಿಂಜಸ್ ಅಂತೀವಲ್ಲ, ಆ ಕೀಲಿನ ಸರಳಿಗೆ ಎರಡು ಕಡೆಯೂ ಸುರುಳಿ ಸ್ಪ್ರಿಂಗ್ ಇರುತ್ತೆ. ಬಾಗಿಲು ಇಳಿಯುತ್ತಾ ಹೋದ ಹಾಗೆ ಸ್ಪ್ರಿಂಗ್ ತಿರುಚಿಕೊಂಡು ಬಿಗಿಯಾಗುತ್ತೆ.

ಇಲ್ಲಿ ಹುಕ್ ಅವರ ನಿಯಮ ನೋಡಿ. ಬಾಗಿಲು ನೆಟ್ಟಗೆ ನಿಂತಾಗ ಅದರ ಭಾರ ಕೈಗೆ ಗೊತ್ತಾಗುವುದಿಲ್ಲ. ವಾಲುತ್ತಾ ಬಂದಂತೆ ಜಾಸ್ತಿಯಾಗಿ, ಪೂರ್ತಿ ಮಲಗಿದಾಗ ಅತಿ ಹೆಚ್ಚು. ಸ್ಪ್ರಿಂಗಿನ ಬಲವೂ ಹಾಗೆಯೇ, ತಿರುಚಿದಷ್ಟೂ ಜಾಸ್ತಿ. ಎರಡೂ ಜೊತೆಜೊತೆಗೆ ಬೆಳೆಯುವುದರಿಂದ ಬಾಗಿಲು ಮೆಲ್ಲಗೆ ಇಳಿಯುತ್ತೆ.

ಹಳೇ ಸ್ಪ್ರಿಂಗ್ ಸೋತರೆ ಹೊಸದನ್ನು ಅಂದಾಜಿನ ಮೇಲೆ ತರಬಾರದು. ಉದಾಹರಣೆಗೆ ಬಾಗಿಲಿನ ತೂಕ 60 ಕಿಲೋ ಅಂತ ಇಟ್ಟುಕೊಳ್ಳಿ. ಮಲಗಿದ ಬಾಗಿಲಿನ ತುದಿ ಹಿಡಿದು ಎತ್ತುವಾಗ ಅರ್ಧ ಭಾರವನ್ನು ಕೀಲು ಹೊರುತ್ತೆ, ಇನ್ನರ್ಧ 30 ಕಿಲೋ ನಮ್ಮ ಕೈಗೆ ಬರುತ್ತೆ. ಎರಡು ಸ್ಪ್ರಿಂಗ್ ಸೇರಿ ಅದರಲ್ಲಿ 20 ಕಿಲೋ ಹೊತ್ತರೆ ನಮ್ಮ ಕೈಗೆ ಉಳಿಯುವುದು 10 ಕಿಲೋ. ಒಬ್ಬರೇ ಎತ್ತಬಹುದು. ಪೂರ್ತಿ 30 ಕಿಲೋನೂ ಸ್ಪ್ರಿಂಗೇ ಹೊರಲಿ ಅಂತ ಆಸೆಪಟ್ಟರೆ ಬಾಗಿಲು ನೆಲದ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಸ್ಪ್ರಿಂಗ್ ಅದಕ್ಕಿಂತಲೂ ಬಲವಾಗಿದ್ದರೆ ಎದ್ದು ಬಂದು ಮುಖಕ್ಕೆ ಹೊಡೆಯಬಹುದು.

ಅಳತೆಯಲ್ಲಿ ಐದು ವಿಷಯ ನೋಡಬೇಕು. ತಂತಿಯ ದಪ್ಪ, ಸುರುಳಿಯ ಒಳಗಿನ ಅಗಲ, ಸುತ್ತುಗಳ ಸಂಖ್ಯೆ, ಎರಡು ತುದಿಯ ಕಾಲುಗಳ ಉದ್ದ, ಎಡಸುತ್ತೋ ಬಲಸುತ್ತೋ ಎಂಬುದು. ತಂತಿಯ ದಪ್ಪದಲ್ಲಿ ಬಹಳ ಎಚ್ಚರಿಕೆ ಬೇಕು. 8 ಮಿಲಿಮೀಟರ್ ತಂತಿಯ ಬದಲು 10 ಮಿಲಿಮೀಟರ್ ಹಾಕಿದರೆ, ಉಳಿದದ್ದೆಲ್ಲ ಒಂದೇ ಇದ್ದರೂ ಸ್ಪ್ರಿಂಗ್ ಸುಮಾರು ಎರಡೂವರೆ ಪಟ್ಟು ಗಟ್ಟಿಯಾಗುತ್ತೆ. ಸುತ್ತು ಅರ್ಧಕ್ಕೆ ಇಳಿಸಿದರೆ ಎರಡು ಪಟ್ಟು ಗಟ್ಟಿ. ಇನ್ನೊಂದು, ತಿರುಚಿದಾಗ ಸುರುಳಿ ಒಳಕ್ಕೆ ಸಣ್ಣದಾಗುತ್ತೆ. ಅದಕ್ಕೇ ಸರಳಿಗೂ ಸುರುಳಿಗೂ ನಡುವೆ ಸ್ವಲ್ಪ ಜಾಗ ಇರಬೇಕು, ಇಲ್ಲದಿದ್ದರೆ ಕಚ್ಚಿಕೊಳ್ಳುತ್ತೆ.

ಒಂದು ಕಡೆಯದು ಮುರಿದರೂ ಎರಡನ್ನೂ ಬದಲಾಯಿಸಬೇಕು. ಒಂದು ಹೊಸದು, ಒಂದು ಸೋತದ್ದು ಇದ್ದರೆ ಬಾಗಿಲು ಒಂದು ಪಕ್ಕಕ್ಕೆ ಎಳೆಯುತ್ತೆ. ಎಡದ್ದು ಬಲಕ್ಕೆ ಹಾಕಬಾರದು, ಸುತ್ತು ಬಿಚ್ಚಿಕೊಳ್ಳುತ್ತೆ. ಬಾಗಿಲನ್ನು ಪೂರ್ತಿ ಮುಚ್ಚಿ, ಚಿಲಕ ಹಾಕಿ, ಇನ್ನೊಂದು ಆಸರೆ ಕೊಟ್ಟ ಮೇಲೆಯೇ ಕೀಲಿನ ಸರಳು ಬಿಚ್ಚಬೇಕು, ಯಾಕೆಂದರೆ ಆಗ ಸ್ಪ್ರಿಂಗ್ ಸಡಿಲ ಇರುತ್ತೆ. ಕೆಲವು ನಮೂನೆಗಳಲ್ಲಿ ಮುಚ್ಚಿದಾಗಲೂ ಬಿಗಿ ಉಳಿದಿರುತ್ತೆ. ನಮ್ಮ ಅಂಗಡಿಗಳ ಶಟರ್ ಸ್ಪ್ರಿಂಗೂ ಅಂಥದ್ದೇ. ಅದನ್ನು ಗೊತ್ತಿದ್ದ ಮೇಸ್ತ್ರಿಯೇ ಮುಟ್ಟಬೇಕು, ನಾವು ಹುಡುಗರು ಹತ್ತಿರ ನಿಲ್ಲಲೂಬಾರದು. ಹಾಕಿದ ಮೇಲೆ ಗ್ರೀಸ್ ಹಚ್ಚಿ, ಇಬ್ಬರು ಎರಡು ಪಕ್ಕದಲ್ಲಿ ನಿಂತು ಮೆಲ್ಲಗೆ ಇಳಿಸಿ ನೋಡಬೇಕು. ಬಾಗಿಲಿನ ಎದುರಿಗೆ ಯಾರೂ ನಿಲ್ಲಬಾರದು.

ಜಗಳ ಮತ್ತು ಗುಟ್ಟು

ಹುಕ್ ಅವರು ಈ ನಿಯಮವನ್ನು ಕಂಡುಹಿಡಿದ ಕೂಡಲೇ ಹೇಳಲಿಲ್ಲ. ಬೇರೆಯವರು ತಮ್ಮದು ಅಂದುಬಿಟ್ಟರೆ ಎಂಬ ಭಯ. 1676ರಲ್ಲಿ ಲ್ಯಾಟಿನ್ ಭಾಷೆಯ ಆ ವಾಕ್ಯದ 14 ಅಕ್ಷರಗಳನ್ನು ಬಿಡಿಬಿಡಿಯಾಗಿ ಅಕಾರಾದಿಯಲ್ಲಿ ಜೋಡಿಸಿ ಒಗಟಿನ ಹಾಗೆ ಅಚ್ಚು ಮಾಡಿಸಿದರು. ಎರಡು ವರ್ಷ ಬಿಟ್ಟು, 1678ರಲ್ಲಿ, ಸ್ಪ್ರಿಂಗಿನ ಬಗ್ಗೆಯೇ ಒಂದು ಪುಸ್ತಕ ಬರೆದು ಒಗಟು ಬಿಡಿಸಿದರು. ತಾವು ಇದನ್ನು ಸುಮಾರು 18 ವರ್ಷ ಮೊದಲೇ ಕಂಡುಕೊಂಡಿದ್ದಾಗಿ ಅದರಲ್ಲಿ ತಿಳಿಸಿದರು.

ಗಡಿಯಾರದ ವಿಷಯದಲ್ಲಿ ಅವರು ಭಯಪಟ್ಟಂತೆಯೇ ಆಯಿತು. 1675ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಎಂಬ ವಿಜ್ಞಾನಿ ಸುರುಳಿ ಸ್ಪ್ರಿಂಗಿನ ಗಡಿಯಾರ ಪ್ರಕಟಿಸಿದರು. ಅದು ಮೊದಲು ತನ್ನ ಯೋಚನೆ ಅಂತ ಹುಕ್ ಜಗಳ ತೆಗೆದರು. ಥಾಮಸ್ ಟಾಂಪಿಯನ್ ಎಂಬ ಕುಶಲ ಕೆಲಸಗಾರರಿಂದ ಗಡಿಯಾರ ಮಾಡಿಸಿ ರಾಜ ಎರಡನೇ ಚಾರ್ಲ್ಸ್‌ಗೂ ಕೊಟ್ಟರು. ಮುಂದೆ ನ್ಯೂಟನ್ ಜೊತೆಗೂ ಗುರುತ್ವಾಕರ್ಷಣೆಯ ವಿಷಯದಲ್ಲಿ ದೊಡ್ಡ ಮನಸ್ತಾಪವಾಯಿತು.

ನನ್ನ ಅಭಿಪ್ರಾಯ ಹೇಳುವುದಾದರೆ, ಒಗಟು ಮಾಡಿ ಬಚ್ಚಿಟ್ಟದ್ದು ಸರಿಯಲ್ಲ. ಆದರೆ ಹಣ, ಬಂಧುಬಳಗ ಇಲ್ಲದೆ 13ನೇ ವಯಸ್ಸಿಗೇ ಒಬ್ಬರೇ ಬಂದವರಿಗೆ ತಮ್ಮ ಕೆಲಸವೇ ಆಸ್ತಿ. ಅದನ್ನು ಯಾರಾದರೂ ಕಿತ್ತುಕೊಂಡಾರು ಅಂತ ಹೆದರಿದ್ದು ನನಗೆ ಅರ್ಥವಾಗುತ್ತೆ.

ಲಂಡನ್ ಬೆಂಕಿ

1666ರ ಸೆಪ್ಟೆಂಬರಿನಲ್ಲಿ ಲಂಡನ್‌ಗೆ ಬೆಂಕಿ ಬಿದ್ದು 13 ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಆಗ ನಗರದವರು ಹುಕ್ ಅವರನ್ನು ಸರ್ವೇಯರ್ ಆಗಿ ನೇಮಿಸಿದರು. ಬೂದಿಯ ನಡುವೆ ಓಡಾಡಿ, ಗೂಟ ಹೊಡೆದು, ಯಾರ ನಿವೇಶನ ಎಲ್ಲಿತ್ತು ಅಂತ ಅಳೆದುಕೊಟ್ಟರು. ಬೆಂಕಿಯ ನೆನಪಿಗೆ ಕಟ್ಟಿದ 202 ಅಡಿ ಎತ್ತರದ ಕಂಬ ಈಗಲೂ ಅಲ್ಲಿದೆ. ಅದು ಹುಕ್ ಮತ್ತು ಕ್ರಿಸ್ಟೋಫರ್ ರೆನ್ ಇಬ್ಬರ ಕೆಲಸ.

ಕೊನೆಯ ದಿನಗಳು

ಹುಕ್ ಮದುವೆಯಾಗಲಿಲ್ಲ. ಕೊನೆಗಾಲದಲ್ಲಿ ಕಣ್ಣು ಮಂದವಾಯಿತು, ಕಾಯಿಲೆ ಹೆಚ್ಚಿತು. 1703ರ ಮಾರ್ಚ್ 3ರಂದು ಲಂಡನ್‌ನಲ್ಲಿ ತೀರಿಕೊಂಡರು. ಬಡವರಂತೆ ಬದುಕಿದ್ದ ಅವರ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಹಣ ಸಿಕ್ಕಿತು. ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಹುಕ್ ಅವರದೇ ಅಂತ ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಈಗ ಇಲ್ಲ. ಅದಕ್ಕೇ ಈ ಲೇಖನದ ಪಕ್ಕದಲ್ಲಿ ನಾನು ಅವರ ಮುಖದ ಬದಲು ಸ್ಪ್ರಿಂಗಿನ ಚಿತ್ರ ಬರೆದಿದ್ದೇನೆ.

ಸತ್ತು 300 ವರ್ಷ ದಾಟಿದ ಮೇಲೆ, 2006ರಲ್ಲಿ, ಇಂಗ್ಲೆಂಡಿನ ಒಂದು ಮನೆಯ ಬೀರುವಿನಲ್ಲಿ ಹುಕ್ ಅವರ ಕೈಬರಹದ ಕಾಗದಗಳ ದೊಡ್ಡ ಕಟ್ಟು ಸಿಕ್ಕಿತು. ಅದರಲ್ಲಿ 1670ರ ಸಭೆಯಲ್ಲಿ ಅವರ ಸ್ಪ್ರಿಂಗ್ ಗಡಿಯಾರದ ಮಾತು ಬಂದಿದ್ದ ದಾಖಲೆಯೂ ಇತ್ತು. ಅಂದರೆ ಹೈಗೆನ್ಸ್ ಪ್ರಕಟಿಸುವುದಕ್ಕೆ ಐದು ವರ್ಷ ಮೊದಲು! ರಾಯಲ್ ಸೊಸೈಟಿ ಆ ಕಾಗದಗಳನ್ನು ಕೊಂಡು ಕಾಪಾಡಿದೆ.

ಗೆಳೆಯರೇ, ಹುಕ್ ಅವರಿಂದ ನಾನು ಕಲಿತದ್ದು ಇದು. ಇರಲಿ ಬಿಡು, ಅಂದಾಜಿಗೆ ಸಾಕು ಅನ್ನಬಾರದು. ತೂಕ ಹಾಕಿ, ಅಳೆದು, ಬರೆದಿಟ್ಟುಕೊಳ್ಳಬೇಕು. ಅಂದಾಜಿನ ಕೆಲಸ ಯಾರದೋ ಕಾಲಿನ ಮೇಲೆ ಬೀಳುತ್ತೆ. ಮುಂದಿನ ಸುಗ್ಗಿಯೊಳಗೆ ಟ್ರೇಲರ್ ಬಾಗಿಲನ್ನು ತೂಕ ಮಾಡಿಸೋಣ ಅಂತ ಮಾವನಿಗೆ ಹೇಳಿದ್ದೇನೆ. ಮೇಷ್ಟ್ರೂ ಬಂದು ನೋಡುತ್ತೇನೆ ಅಂದಿದ್ದಾರೆ. ನೀವೂ ಕರಟ, ಗೋಲಿ, ಸ್ಪ್ರಿಂಗ್ ತೆಗೆದುಕೊಂಡು ಪ್ರಯೋಗ ಮಾಡಿ. ಬಂದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಈ ಲೇಖನದ ಕೆಳಗೆ ಅಂಟಿಸಿ. ಯಾರ ಲೆಕ್ಕ ಹೇಗೆ ಬಂತು ಅಂತ ಎಲ್ಲರೂ ಸೇರಿ ನೋಡೋಣ.

 

ಏಳನೇ ತರಗತಿ ವಿದ್ಯಾರ್ಥಿ